ಒಂದು ಗೇಣು ಹಿಂದಕ್ಕೆ

ಹದಿನಾಲ್ಕನೆಯ ನಿಯಮ ತನಗೆ ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವ ದಾರಿ ಚಂದನಾಳಿಗೆ ಇರಲಿಲ್ಲ. ಅದನ್ನು ಕನ್ನಡದಲ್ಲಿ ಬರೆದವಳೇ ಅವಳು! ಹುಬ್ಬಳ್ಳಿಯಿಂದ ಬಂದ ನಿಯಮಗಳ ಕಟ್ಟು ಪೂರ್ತಿ ಇಂಗ್ಲಿಷಿನಲ್ಲಿತ್ತು. ರೋಬೋ ಪಂದ್ಯ ನಡೆಸುವ ಹೊನ್ನಾವರದ ಕಾಲೇಜಿನವರು ಅದನ್ನು ಭಟ್ಕಳದ ಇವರ ಕಾಲೇಜಿಗೆ ಕಳಿಸಿ, ನಿಮ್ಮಲ್ಲಿ ದುಂಡಗೆ ಬರೆಯುವವರು ಯಾರಾದರೂ ಇದ್ದರೆ ಕನ್ನಡದಲ್ಲಿ ಬರೆಸಿ ಕೊಡಿ, ನಮ್ಮ ರೆಫರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ ಎಂದು ಕೇಳಿದ್ದರು. ಅನಂತಮೂರ್ತಿ ಸರ್ ಕ್ಲಾಸಿನಲ್ಲಿ ಆಚೀಚೆ ನೋಡಲೂ ಇಲ್ಲ, ನೇರ ತಂದು ಚಂದನಾಳ ಮೇಜಿನ ಮೇಲೆ ಇಟ್ಟರು.

ಬೆಳಕೆ ಊರಿನ ಮನೆಯ ಜಗಲಿಯಲ್ಲಿ ಎರಡು ಸಂಜೆ ಕೂತು ಬರೆದಳು. ಒಂದು ಬದಿಯಲ್ಲಿ ಅಪ್ಪ ಹರಿದ ಬಲೆ ಹೊಲಿಯುತ್ತಿದ್ದ, ಇನ್ನೊಂದು ಬದಿಯಲ್ಲಿ ಇವಳು ‘ಎಂಟ್ರಾಪ್‌ಮೆಂಟ್’ ಎಂಬ ಪದಕ್ಕೆ ನಿಘಂಟು ತಿರುವುತ್ತಿದ್ದಳು. ಹದಿನಾಲ್ಕನೆಯದು ಇಂಗ್ಲಿಷಿನಲ್ಲಿ ಐದು ಸಾಲು ಇತ್ತು. ಇವಳು ಒಂದೇ ಸಾಲಿನಲ್ಲಿ ಮುಗಿಸಿದಳು: ‘ಎದುರಿನವರಿಂದ ತಪ್ಪಾಗಲಿ ಎಂದೇ ಹೂಡಿದ ಆಟ, ಹೂಡಿದವರದೇ ತಪ್ಪು.’ ಬರೆದಾದ ಮೇಲೆ ಅಪ್ಪನಿಗೂ ಓದಿ ಹೇಳಿದ್ದಳು. ಅಷ್ಟು ಹೆಮ್ಮೆ ಆಗಿತ್ತು ಆ ಸಾಲಿನ ಮೇಲೆ.

ಈಗ ಆ ಸಾಲು ನೆನಪಾದರೆ ಊಟ ಸೇರುವುದಿಲ್ಲ.

ಆಟ ಅಂಥ ಬ್ರಹ್ಮವಿದ್ಯೆಯೇನಲ್ಲ. ಎಂಟಡಿ ಅಗಲ, ಹನ್ನೆರಡಡಿ ಉದ್ದದ ಪ್ಲೈವುಡ್ ಅಂಗಳ, ಎರಡು ತುದಿಗೆ ಎರಡು ಗೂಡು, ನಡುವೆ ಟೆನಿಸ್ ಚೆಂಡುಗಳು. ಎರಡು ತಂಡಕ್ಕೆ ಒಂದೊಂದು ರೋಬೋ. ಮೂರು ನಿಮಿಷದೊಳಗೆ ಎದುರಿನವರ ಗೂಡಿಗೆ ಹೆಚ್ಚು ಚೆಂಡು ನೂಕಿದವರು ಗೆದ್ದರು. ಸಮನಾದರೆ ಮೊದಲ ಚೆಂಡು ಹಾಕಿದವರದು ಗೆಲುವು. ರೋಬೋದಿಂದ ಹೊರಟ ಉದ್ದನೆಯ ವೈರು ಆಡಿಸುವವರ ಕೈಯಲ್ಲಿನ ಸ್ವಿಚ್ಚಿನ ಡಬ್ಬಿಗೆ ಬರುತ್ತದೆ. ಆ ವೈರು ಚಕ್ರಕ್ಕೆ ಸುತ್ತಿಕೊಳ್ಳದಂತೆ ಇನ್ನೊಬ್ಬರು ಕೋಲಿಗೆ ಕಟ್ಟಿ ಎತ್ತಿ ಹಿಡಿಯಬೇಕು. ಚಂದನಾಳ ತಂಡದಲ್ಲಿ ಕೋಲು ಹಿಡಿಯುವವನು ಭಾಸ್ಕರ. ಅದಕ್ಕೆಂದೇ ಅವನು ಮನೆಯಿಂದ ಗಾಳದ ಕೋಲು ತಂದಿದ್ದ.

ಅಡ್ಡ ನಿಂತು ತಡೆಯಬಹುದು, ಎದುರಿನ ರೋಬೋವನ್ನು ತಳ್ಳಲೂಬಹುದು. ಗೋಡೆಗೆ ಒತ್ತಿ ಐದು ಎಣಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ತಪ್ಪು. ಇನ್ನು ಪ್ರತಿ ಗೂಡಿನ ಪಕ್ಕಕ್ಕೆ ಹಳದಿ ಟೇಪು ಅಂಟಿಸಿದ ಚೌಕ ಇರುತ್ತದೆ. ಅದು ಆ ಗೂಡಿನವರ ಆಸರೆಯ ಜಾಗ. ಅವರ ರೋಬೋ ಅಲ್ಲಿದ್ದಾಗ ಎದುರಿನವರು ತಾಗಿಸಿದರೆ ಹಳದಿ ಚೀಟಿ. ಎರಡು ಚೀಟಿ ಆದರೆ ಡಬ್ಬಿ ಕೆಳಗಿಟ್ಟು ಮನೆಗೆ ಹೋಗಬೇಕು.

ರೆಫರಿ ದುರ್ಗಪ್ಪ ಮಾಸ್ತರು. ಹೊನ್ನಾವರದ ಹೈಸ್ಕೂಲಿನ ಡ್ರಿಲ್ ಮಾಸ್ತರು, ಮೂವತ್ತು ವರ್ಷ ಕಬಡ್ಡಿ ಆಡಿಸಿದ ಮನುಷ್ಯ. ಸೀಟಿ ಊದಲು ಹೆದರದವರು ಬೇರೆ ಯಾರೂ ಸಿಗಲಿಲ್ಲವೆಂದು ಕಾಲೇಜಿನವರು ಅವರನ್ನು ಹಿಡಿದು ತಂದಿದ್ದರು. ಪಂದ್ಯ ಶುರುವಾಗುವ ಮೊದಲೇ ಅವರು ಎಲ್ಲರನ್ನೂ ನಿಲ್ಲಿಸಿ ಹೇಳಿದ್ದರು: “ನಂಗೆ ಈ ಡಬ್ಬಿ ಸುದ್ದಿ ಎಂತದೂ ಗೊತ್ತಿಲ್ಲ. ತಾಗಿತಾ ಇಲ್ವಾ ಅಂತ ನೋಡ್ಲಿಕ್ಕೆ ಮಾತ್ರ ಗೊತ್ತು. ನನ್ನ ಕಣ್ಣಿಗೆ ಕಾಣ್ದೇ ಹೋದ್ರೆ ನಿಮ್ಮನ್ನೇ ಕೇಳ್ತೆ. ಕಬಡ್ಡೀಲಿ ಹ್ಯಾಂಗೆ ಕೈ ಎತ್ತೂದು, ಇಲ್ಲೂ ಹಾಂಗೇ. ನೀವು ಹೇಳಿದ್ದೇ ಆಟ.”

ಈ ಕಡೆಯ ಕಬಡ್ಡಿ ಅಂಗಳಗಳಲ್ಲಿ ಅದೊಂದು ರೂಢಿ. ತಾಗಿದ್ದು ರೆಫರಿಗೆ ಕಾಣದಿದ್ದರೂ ತಾಗಿಸಿಕೊಂಡವನು ತಾನಾಗಿ ಕೈ ಎತ್ತಿ ಹೊರಗೆ ನಡೆಯುತ್ತಾನೆ. ಎತ್ತದವನನ್ನು ಮರುದಿನ ಆಟಕ್ಕೆ ಯಾರೂ ಕರೆಯುವುದಿಲ್ಲ. ಚಂದನಾ ಕಬಡ್ಡಿ ಆಡಿದವಳಲ್ಲ. ಮಾಸ್ತರ ಮಾತಿಗೆ ಎಲ್ಲರೊಡನೆ ಅವಳೂ ನಕ್ಕಿದ್ದಳು.

ಎರಡು ಸಾವಿರದ ಎಂಟರ ಫೆಬ್ರವರಿ ಮೊದಲ ಭಾನುವಾರ ಫೈನಲ್. ಭಟ್ಕಳದ ಇವರ ರೋಬೋ ‘ಏಡಿ’, ಕುಮಟೆಯವರದ್ದು ‘ಕೋಣ’. ಗೆದ್ದವರು ಹುಬ್ಬಳ್ಳಿಯ ದೊಡ್ಡ ಪಂದ್ಯಕ್ಕೆ. ಕೋಣನನ್ನು ಆಡಿಸುತ್ತಿದ್ದವಳು ಕಾಗಾಲದ ಪವಿತ್ರಾ. ತೆಳ್ಳಗಿನ ಹುಡುಗಿ, ಮಾತು ಕಡಿಮೆ. ಹೆಬ್ಬೆರಳು ಸ್ವಿಚ್ಚಿನ ಮೇಲೆ ಕೂತಿತೆಂದರೆ ಅವಳ ರೋಬೋ ಯಾರನ್ನೂ ಕೇಳುತ್ತಿರಲಿಲ್ಲ. ಸೆಮಿಫೈನಲ್‌ನಲ್ಲಿ ಒಂದು ರೋಬೋವನ್ನು ಚೆಂಡಿನ ಸಮೇತ ಗೂಡಿಗೇ ನೂಕಿಬಿಟ್ಟಿದ್ದಳು. ಫೈನಲ್‌ನಲ್ಲೂ ಏಡಿಯನ್ನು ಗೋಡೆಗೆ ಒತ್ತಿ ಆರು ಎಣಿಸುವ ತನಕ ಹಿಡಿದು ಒಂದು ಹಳದಿ ಚೀಟಿ ತಿಂದಿದ್ದಳು. ಆ ಚೀಟಿ ನ್ಯಾಯದ್ದೇ.

ಮೂರು ಮೂರು ಸಮ. ಮೊದಲ ಚೆಂಡು ಏಡಿಯದು. ನಲವತ್ತು ಸೆಕೆಂಡು ಬಾಕಿ. ಚಂದನಾ ಗೂಡಿನ ಮುಂದೆ ಅಡ್ಡ ನಿಂತು ತಡೆದರೆ ಸಾಕು, ಹುಬ್ಬಳ್ಳಿ ತಮ್ಮದೇ. ಆದರೆ ತಡೆಯುವುದು ಹೇಗೆ? ಏಡಿಗೆ ತೂಕ ಸಾಲದು. ಕೋಣ ಚೆಂಡನ್ನು ಮುಂದಿಟ್ಟುಕೊಂಡು ಬಂದು ಒತ್ತಿದರೆ ಏಡಿಯ ಚಕ್ರ ನಿಂತಲ್ಲೇ ತಿರುಗುತ್ತಿತ್ತು, ರಬ್ಬರ್ ಸುಟ್ಟ ವಾಸನೆ ಬರುತ್ತಿತ್ತು. ಒಂದೊಂದೇ ಅಂಗುಲ ಹಿಂದೆ ಹಿಂದೆ. ಇನ್ನು ಹತ್ತು ಸೆಕೆಂಡಿನಲ್ಲಿ ಗೂಡು.

ಆಗ ಅವಳ ಕಣ್ಣು ಏಡಿಯ ಹಿಂದೆ ನೆಲದ ಮೇಲಿದ್ದ ಚೌಕದ ಹಳದಿ ಪಟ್ಟಿಯ ಮೇಲೆ ಬಿತ್ತು. ಪಟ್ಟಿಗೆ ಒಂದು ಗೇಣು ಉಳಿದಿತ್ತು, ಅಷ್ಟೇ. ಪವಿತ್ರಾ ಒಮ್ಮೆ ಒತ್ತಿದರೆ ಬೇಗ ಬಿಡುವವಳಲ್ಲ ಎಂದು ಬೆಳಗಿನಿಂದ ನೋಡಿ ತಿಳಿದಿತ್ತು. ಚಂದನಾ ತನ್ನ ಹೆಬ್ಬೆರಳನ್ನು ಮುಂದಿನಿಂದ ತೆಗೆದು ಹಿಂದಕ್ಕೆ ಒತ್ತಿದಳು. ಏಡಿ ಸರ್ರನೆ ಹಳದಿ ಚೌಕದೊಳಕ್ಕೆ ಹಾರಿತು. ಎದುರಿನ ತಡೆ ತಪ್ಪಿದ ಕೋಣ ಮುನ್ನುಗ್ಗಿ ಚೌಕದೊಳಗೆ ಬಂದು ಏಡಿಯ ಮುಖಕ್ಕೆ ಧಡ್ಡನೆ ಬಡಿಯಿತು. ಮುಂದಿನ ತಗಡು ಬಗ್ಗಿತು, ಸೀಟಿ ಕೇಳಿಸಿತು.

ದುರ್ಗಪ್ಪ ಮಾಸ್ತರು ಅಂಗಳದ ಹತ್ತಿರ ಬಗ್ಗಿ ನೋಡಿದರು, ತಲೆ ಕೆರೆದುಕೊಂಡರು. ನಂತರ ಚಂದನಾಳ ಕಡೆ ತಿರುಗಿದರು. “ತಂಗೀ, ನೀನಾಗಿ ಒಳಗೆ ಹೋದ್ಯಾ, ಅವ್ಳು ನೂಕಿದ್ಳಾ?”

ಸತ್ಯ ನಾಲಿಗೆ ತುದಿಯಲ್ಲೇ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಅವಳು ಬಾಯಿ ತೆರೆಯುವ ಮೊದಲೇ ಅಂಗಳದ ಆಚೆ ಬದಿಯಲ್ಲಿ ಒಂದು ಕೈ ಮೇಲೆದ್ದಿತ್ತು.

“ನಂದೇ ಸರ್” ಎಂದಳು ಪವಿತ್ರಾ. “ಹೆಬ್ಬೆಟ್ಟು ಬಿಡೂದು ತಡ ಆತು.”

ಕೈ ಎತ್ತಿದಳು! ಎದುರಿನವಳು ಮೋಸ ಮಾಡಿರಬಹುದು ಎಂಬ ಯೋಚನೆಯೇ ಆ ಹುಡುಗಿಗೆ ಬರಲಿಲ್ಲ. ಮಾಸ್ತರು ಮತ್ತೊಮ್ಮೆ ಚಂದನಾಳನ್ನು ನೋಡಿ “ಹೌದನಾ?” ಎಂದರು. ಚಂದನಾ ತಲೆ ಆಡಿಸಿದಳು. ಎರಡನೆಯ ಹಳದಿ ಚೀಟಿ ಮೇಲೆದ್ದಿತು, ಕೋಣ ಹೊರಗೆ ಹೋಯಿತು, ಭಟ್ಕಳದ ಹುಡುಗರು ಬೆಂಚಿನ ಮೇಲೆ ಹತ್ತಿ ಕುಣಿದರು. ಭಾಸ್ಕರ ಕೋಲು ಇಳಿಸಿ ಅವಳ ಕಿವಿಯ ಹತ್ತಿರ ಬಂದು, “ಭಾರೀ ಎಳೆದೆ ಮಾರಾಯ್ತಿ, ಒಂದು ಗೇಣು! ನಾ ಕಂಡೆ” ಎಂದು ಪಿಸುಗುಟ್ಟಿದ. ಅಷ್ಟು ಹೊತ್ತು ಅದು ತನ್ನ ಬೆರಳಿಗೆ ಮಾತ್ರ ಗೊತ್ತಿದ್ದ ಸುದ್ದಿ ಎಂದುಕೊಂಡಿದ್ದಳು.

ಅದಕ್ಕಿಂತ ಕಷ್ಟವಾದದ್ದು ಆಮೇಲೆ ನಡೆಯಿತು. ಏಡಿಯನ್ನು ಚೀಲಕ್ಕೆ ತುಂಬುತ್ತಿರುವಾಗ ಪವಿತ್ರಾ ಬಂದಳು. ಕೈಯಲ್ಲಿ ಕಟಿಂಗ್ ಪ್ಲೇಯರ್ ಇತ್ತು. ಕಳೆಯಬಾರದೆಂದೋ ಏನೋ, ಅದರ ಹಿಡಿಗೆ ಕರಿಮಣಿಯ ಎಳೆ ಸುತ್ತಿತ್ತು.

“ನಿಮ್ದು ತಗಡು ಬಗ್ಸಿಬಿಟ್ಟೆ ಅಲ್ದಾ” ಎಂದು ನೆಲಕ್ಕೆ ಕೂತು, ಏಡಿಯ ಮುಖವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಮಾಡಿಕೊಟ್ಟಳು. “ನನ್ನ ಬೆರಳಿಂದೇ ಈ ಕತೆ. ಹುಬ್ಬಳ್ಳೀಲಿ ಚೆಂದ ಆಡಿ, ಆತಾ?” ಎಂದು ಎದ್ದು ಹೋದಳು. ಪ್ಲೇಯರ್ ಅಲ್ಲೇ ಮರೆತಿದ್ದಳು.

ಮನೆಯಲ್ಲಿ ಹೆಮ್ಮೆಯೋ ಹೆಮ್ಮೆ. ಅಮ್ಮ ಪಕ್ಕದ ಮನೆಗೂ ಪಾಯಸ ಕೊಟ್ಟುಬಂದಳು. ಚಂದನಾ ಮಾತ್ರ ಆ ಪ್ಲೇಯರನ್ನು ಪುಸ್ತಕದ ಹಿಂದೆ, ಅಲ್ಲಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಬಟ್ಟೆಯ ಕೆಳಗೆ ಬಚ್ಚಿಡುತ್ತಾ ವಾರ ಕಳೆದಳು. ಒಂದು ಗೇಣು ತಾನೇ, ಆ ಹುಡುಗಿಯೇ ಒಪ್ಪಿಕೊಂಡಿದ್ದಾಳೆ, ನಾನೇನು ಬಾಯಿ ಬಿಟ್ಟು ಸುಳ್ಳು ಹೇಳಿದೆನಾ ಎಂದು ತನ್ನೊಳಗೇ ವಾದ ಮಾಡುತ್ತಿದ್ದಳು. ವಾದದಲ್ಲಿ ದಿನಾ ಗೆಲ್ಲುತ್ತಿದ್ದಳು, ಗೆದ್ದು ಊಟ ಬಿಡುತ್ತಿದ್ದಳು.

ಎರಡನೆಯ ವಾರದಲ್ಲಿ ಭಾಸ್ಕರ ಸುದ್ದಿ ತಂದ. “ಕುಮಟೆಯವರು ಆ ಪವಿತ್ರಾನ್ನ ಡಬ್ಬಿಯಿಂದ ತೆಗೆದ್ರಂತೆ. ಇನ್ನು ವೆಂಕಟ ಅಂತ ಒಬ್ಬವ ಆಡಿಸ್ತಾನಂತೆ. ಎರಡು ಚೀಟಿ ತಿಂದವಳ ಕೈಗೆ ಮತ್ತೆ ಕೊಡೂದಿಲ್ಲ ಅಂದ್ರಂತೆ. ಆಕೆ ಮಾಡಿದ ರೋಬೋಕ್ಕೆ ಈಗ ಆಕೆ ವೈರು ಹಿಡಿಯೂದು!” ಅವನಿಗೆ ಅದು ತಮಾಷೆ. ಚಂದನಾ “ನಗಬೇಡ” ಎಂದು ಗದರಿದ್ದಕ್ಕೆ ಅವನು ಮುಖ ಸಣ್ಣ ಮಾಡಿದ.

ಆ ಭಾನುವಾರವೇ ಪ್ಲೇಯರ್ ಕೊಟ್ಟುಬರುವ ನೆವದಲ್ಲಿ ಹೊರಟಳು. ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡೇ ಹೊರಟಳು. ಭಟ್ಕಳದಿಂದ ಕುಮಟೆಯವರೆಗೆ ಬಸ್ಸಿನಲ್ಲಿ ಮಾತನ್ನು ಹತ್ತು ಸಲ ಜೋಡಿಸಿದಳು. ಶರಾವತಿ ಸೇತುವೆಯ ಮೇಲೆ ಬರುವಾಗ ಅದು ಚೆನ್ನಾಗಿಯೇ ಬಂದಿತ್ತು. ಕಾಗಾಲದ ಬಸ್ಸು ಹತ್ತಿದಾಗ ಅರ್ಧ ಮರೆತಿತ್ತು.

ಪವಿತ್ರಾಳ ಮನೆ ನೀರುಳ್ಳಿ ಗದ್ದೆಯ ಅಂಚಿಗೆ. ಅಂಗಳದ ಹತ್ತಿರ ಬರುತ್ತಿದ್ದಂತೆ ಹಾಡು ಕೇಳಿಸಿತು. ಮುದುಕಿಯ ದಪ್ಪ ದನಿ, ಗದ್ದೆ ನೆಡುವಾಗ ಹೇಳುವ ಉದ್ದನೆಯ ಹಾಡು. ಆದರೆ ಹಾಡು ಎಲ್ಲೆಂದರಲ್ಲಿ ತಟಕ್ಕನೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಜಗಲಿಯಲ್ಲಿ ಪವಿತ್ರಾಳ ಅಜ್ಜಿ ಗಂಗಿ ಕಾಲು ನೀಡಿ ಕೂತಿದ್ದಳು, ಕೊರಳ ತುಂಬ ಮಣಿಸರ. ಎದುರಿಗೆ ಪವಿತ್ರಾ. ಅವಳ ಮಂಡಿಯ ಮೇಲೆ ಒಂದು ಹಲಗೆ, ಹಲಗೆಗೆ ಒಂದು ಸ್ವಿಚ್ಚು, ಸ್ವಿಚ್ಚಿಗೆ ಒಂದು ಸಣ್ಣ ಬಲ್ಬು. ಹಾಡು ನಡೆಯುವಾಗ ಅವಳು ಒತ್ತಿ ಹಿಡಿಯುತ್ತಿದ್ದಳು, ಬಲ್ಬು ಉರಿಯುತ್ತಿತ್ತು. ಅಜ್ಜಿ ನಿಲ್ಲಿಸಿದ ಕೂಡಲೇ ಬೆರಳು ಎತ್ತಬೇಕು.

“ತಡ ಆತು!” ಎಂದಳು ಗಂಗಜ್ಜಿ. “ನಾ ನಿಲ್ಸಿ ಉಸ್ರು ಬಿಟ್ಟೆ, ನಿಂದು ದೀಪ ಇನ್ನೂ ಉರೀತಿತ್ತು. ಮತ್ತೊಂದ್ಸಲ.”

ಚಂದನಾ ಅಂಗಳದಲ್ಲೇ ನಿಂತುಬಿಟ್ಟಳು. ಇಲ್ಲದ ರೋಗಕ್ಕೆ ಈ ಮನೆಯವರು ಔಷಧ ಮಾಡುತ್ತಿದ್ದರು.

ಪವಿತ್ರಾಳಿಗೆ ಅವಳನ್ನು ನೋಡಿ ಸಂತೋಷವೋ ಸಂತೋಷ. “ಪ್ಲೇಯರ್ ಕೊಡ್ಲಿಕ್ಕೆ ಅಲ್ಲಿಂದ ಬಂದ್ಯಾ? ಅಜ್ಜೀ, ಇವ್ಳೇ ಭಟ್ಕಳದವ್ಳು, ನನ್ನ ಗೆದ್ದವ್ಳು.”

ಗಂಗಜ್ಜಿ ಹತ್ತಿರ ಕರೆದು ಚಂದನಾಳ ಬಲಗೈ ಹಿಡಿದಳು. ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಎಂತ ಚುರುಕು ಬೆರಳೇ ತಂಗಿ ನಿಂದು. ನಮ್ದು ಹುಡ್ಗೀದು ಒತ್ತಿದ್ರೆ ಬಿಡೂದಿಲ್ಲ, ಎಮ್ಮೆ ಹಾಂಗೆ. ದಿನಾ ಬೆಳಿಗ್ಗೆ ಸಂಜೆ ಹಾಡ್ತೆ. ನಂಗೂ ಗಂಟ್ಲು ಕೂತು ಹೋತು. ಆದ್ರೂ ಬಿಡೂದಿಲ್ಲ. ಬಪ್ಪ ವರ್ಷದೊಳಗೆ ಅವ್ರೇ ಕರ್ದು ಇವ್ಳ ಕೈಗೆ ಡಬ್ಬಿ ಕೊಡ್ಬೇಕು, ನೋಡ್ತಿರು.”

ಈಗ ಹೇಳು, ಈಗ ಹೇಳು ಎಂದು ತನ್ನನ್ನೇ ನೂಕಿಕೊಂಡಳು. ಹೇಳುವುದು ಯಾರಿಗೆ? ಅವಳ ಹೆಬ್ಬೆರಳು ಇನ್ನೂ ಆ ಮುದುಕಿಯ ಒರಟು ಅಂಗೈಯೊಳಗಿತ್ತು. “ಉಣ್ಕಂಡೇ ಹೋಗೂದು” ಎಂದು ಕೂರಿಸಿದರು. ಕುಚ್ಚಿಗೆ ಅಕ್ಕಿಯ ಗಂಜಿ, ಹರಿವೆ ಸೊಪ್ಪಿನ ಪಲ್ಯ, ಒಣಮೀನಿನ ಚಟ್ನಿ. ಉಂಡಳು. ತಾನು ಎಂಥ ಹೇಡಿ ಎಂದು ಆ ದಿನ ಅವಳಿಗೆ ಗೊತ್ತಾಯಿತು. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಮುಖ ಹಾಕಿ ಹೊನ್ನಾವರದವರೆಗೂ ಅತ್ತಳು. ಕಂಡಕ್ಟರ್, ತಲೆಸುತ್ತಾ ತಂಗಿ ಎಂದು ಕೇಳಿ ಪ್ಲಾಸ್ಟಿಕ್ ಚೀಲ ಕೊಟ್ಟ.

ಮಂಗಳವಾರ ಕಾಲೇಜು ತಪ್ಪಿಸಿ ದುರ್ಗಪ್ಪ ಮಾಸ್ತರ ಹೈಸ್ಕೂಲಿಗೆ ಹೋದಳು. ಮಾಸ್ತರು ಮೈದಾನಕ್ಕೆ ಸುಣ್ಣದ ಗೆರೆ ಹಾಕುತ್ತಿದ್ದರು. ಈ ಸಲ ಅವಳು ಮಾತು ಜೋಡಿಸಿಕೊಂಡು ಬಂದಿರಲಿಲ್ಲ.

“ಸರ್, ಆ ದಿನ ಅವಳು ನೂಕಿದ್ದಲ್ಲ. ನಾನೇ ಹಿಂದೆ ತೆಗ್ದೆ. ಅವಳಿಗೆ ಚೀಟಿ ಸಿಗ್ಲಿ ಅಂತಲೇ ತೆಗ್ದೆ. ಹದಿನಾಲ್ಕನೇ ನಿಯಮ ಸರ್. ನಾನೇ ಬರ್ದದ್ದು.”

ಮಾಸ್ತರು ಸುಣ್ಣದ ಡಬ್ಬ ಕೆಳಗಿಟ್ಟರು. ಬೈಯುತ್ತಾರೆ ಎಂದು ಕಾದಳು. ಬೈಯಲಿಲ್ಲ. ಮೈದಾನದ ಅಂಚಿನ ರೋಲರ್ ಕಲ್ಲಿನ ಮೇಲೆ ಹೋಗಿ ಕೂತರು.

“ಅವ್ಳು ಕೈ ಎತ್ತಿದ್ಳಲೇ” ಎಂದರು. “ಕೈ ಎತ್ತಿದವರ ಮೇಲೆ ನಾ ಯಾವತ್ತೂ ಸಂಶಯ ಮಾಡ್ದವನಲ್ಲ. ತಪ್ಪೇ ಇಲ್ಲದವ್ಳು ಕೈ ಎತ್ತಿಬಿಟ್ರೆ ಎಂತ ಮಾಡೂದು ಅಂತ ನಂಗೆ ಹೊಳೀಲೇ ಇಲ್ಲ. ನೀ ತಲೆ ಆಡಿಸಿದ್ದಕ್ಕೆ ಬಿಡ್ಬಾರ್ದಾಗಿತ್ತು, ಬಾಯಿ ಬಿಟ್ಟು ಹೇಳಿಸ್ಬೇಕಾಗಿತ್ತು.”

“ನಾವು ಸೋತ್ವಿ ಅಂತ ಬರ್ದುಬಿಡಿ ಸರ್.”

“ಬರೀಲಿಕ್ಕೆ ನಾ ಯಾರು? ನಲವತ್ತು ಸೆಕೆಂಡು ಬಾಕಿ ಇತ್ತು. ಅವ್ಳು ಚೆಂಡು ಹಾಕ್ತಿದ್ಳೋ ನೀ ತಡೀತಿದ್ಯೋ ದೇವ್ರಿಗೇ ಗೊತ್ತು. ಹುಬ್ಬಳ್ಳಿಗೆ ನಾ ಫೋನ್ ಮಾಡ್ತೆ. ಬಪ್ಪ ಭಾನುವಾರ ಎರಡೂ ತಂಡ ಇಲ್ಲಿ ಬರ್ಬೇಕು. ನಿಂತಲ್ಲಿಂದ ಆಟ. ಅವತ್ತಿನ ಕೈಗಳೇ ಆಡ್ಬೇಕು, ಬೇರೆ ಯಾರದೂ ನಡಿಯೂದಿಲ್ಲ.” ಎದ್ದು ಸುಣ್ಣದ ಡಬ್ಬ ಕೈಗೆತ್ತಿಕೊಂಡರು. “ಮತ್ತೆ ಈಗ ನನ್ನ ಹತ್ರ ಹೇಳಿದ್ದು ಲೆಕ್ಕಕ್ಕಿಲ್ಲ ತಂಗಿ. ಕೈ ಎತ್ತೂದು ಅಂಗಳದಲ್ಲಿ.”

ಪವಿತ್ರಾಳಿಗೆ ಡಬ್ಬಿ ವಾಪಸು ಸಿಗುತ್ತದೆ, ಅವಳು ಕೋಣನನ್ನು ಎಂದಿನ ಹಾಗೆ ನುಗ್ಗಿಸುತ್ತಾಳೆ, ಗೆಲ್ಲುತ್ತಾಳೆ, ಅಲ್ಲಿಗೆ ತನ್ನ ಎದೆಯ ಭಾರ ಇಳಿಯುತ್ತದೆ. ಚಂದನಾ ಐದು ದಿನ ಇದೇ ಲೆಕ್ಕದಲ್ಲಿ ಬದುಕಿದಳು. ಏಡಿಯ ತೂಕ ಅಷ್ಟೇ ಇತ್ತು, ಚಕ್ರ ಅದೇ ಇತ್ತು. ಸೋಲುವುದು ಖಂಡಿತ ಎಂದು ತಿಳಿದು ಅವಳಿಗೆ ನಿದ್ದೆ ಬರತೊಡಗಿತು.

ಭಾನುವಾರ ಹೊನ್ನಾವರದ ಕಾಲೇಜಿನ ಹಾಲಿನಲ್ಲಿ ಅದೇ ಪ್ಲೈವುಡ್ ಅಂಗಳ. ಮಾಸ್ತರು ಯಾರಿಗೂ ಕಾರಣ ಹೇಳಿರಲಿಲ್ಲ. ಕುಮಟೆಯ ಹುಡುಗರು ಗೊಣಗುತ್ತಿದ್ದರು, ವೆಂಕಟ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. ಪವಿತ್ರಾ ವೈರಿನ ಕೋಲು ಹಿಡಿದು ಹಿಂದೆ ನಿಂತಿದ್ದಳು. ಚಂದನಾಳನ್ನು ನೋಡಿ ನಕ್ಕಳು.

“ಯಾರದಾದ್ರೂ ಕೈ ಎತ್ತೂದಿತ್ತಾ?” ಎಂದರು ದುರ್ಗಪ್ಪ ಮಾಸ್ತರು.

ಕೈ ಇಷ್ಟು ಭಾರ ಇರುತ್ತದೆಂದು ಚಂದನಾಳಿಗೆ ಗೊತ್ತಿರಲಿಲ್ಲ. ಎತ್ತಿದಳು. ಎಲ್ಲರ ಎದುರಿಗೆ, ಭಾಸ್ಕರ ಹಿಂದಿನಿಂದ ಅಂಗಿ ಜಗ್ಗುತ್ತಿದ್ದರೂ ಹೇಳಿ ಮುಗಿಸಿದಳು. ಹಿಂದೆ ತೆಗೆದದ್ದು ನಾನು, ಬೇಕೆಂದೇ ತೆಗೆದದ್ದು, ಪವಿತ್ರಾಳ ಬೆರಳು ತಡವಾಗಲಿಲ್ಲ. ನಂತರ ಕುಮಟೆಯ ಹುಡುಗರು ಒಟ್ಟಿಗೇ ಕೂಗಾಡತೊಡಗಿದರು. ‘ಥೂ’ ಎಂದವರೂ ಇದ್ದರು. ಅನಂತಮೂರ್ತಿ ಸರ್ ಕನ್ನಡಕ ತೆಗೆದು ಒರೆಸುತ್ತಾ ಗೋಡೆ ನೋಡಿದರು. ಭಾಸ್ಕರ, “ಹಾಳು ಮಾಡ್ದೆ, ಎಲ್ಲಾ ಹಾಳು ಮಾಡ್ದೆ” ಎಂದು ಹಲ್ಲು ಕಚ್ಚಿದ.

ಚಂದನಾ ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಅವಳು ಪವಿತ್ರಾಳನ್ನೇ ನೋಡುತ್ತಿದ್ದಳು. ಪವಿತ್ರಾ ಸಿಟ್ಟು ಮಾಡಲಿಲ್ಲ. ತನ್ನ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಮೆಲ್ಲಗೆ ಮುಟ್ಟಿಕೊಂಡಳು, ಅಷ್ಟೇ.

ಮಾಸ್ತರು ಏಡಿಗೆ ಹಳದಿ ಚೀಟಿ ಕೊಟ್ಟರು, ಕೋಣನ ಎರಡನೆಯ ಚೀಟಿ ಹರಿದರು. ವೆಂಕಟನ ಕೈಯಿಂದ ಡಬ್ಬಿ ಇಸಿದುಕೊಂಡು ಪವಿತ್ರಾಳಿಗೆ ಕೊಟ್ಟರು. ಚೆಂಡು ಅವತ್ತು ಇದ್ದಲ್ಲೇ, ರೋಬೋಗಳು ಇದ್ದಲ್ಲೇ. ಮೂರು ಮೂರು ಸಮ, ನಲವತ್ತು ಸೆಕೆಂಡು. ಕೋಣ ಒಂದು ಚೆಂಡು ಹಾಕಿದರೆ ಕುಮಟೆ, ಇಲ್ಲವಾದರೆ ಭಟ್ಕಳ. ಸೀಟಿ.

ಕೋಣ ಚೆಂಡನ್ನು ಮುಂದಿಟ್ಟುಕೊಂಡು ಬಂತು. ಏಡಿಗೆ ತಾಗಿತು. ತಾಗಿದ ಕೂಡಲೇ ನಿಂತುಬಿಟ್ಟಿತು. ಮತ್ತೆ ಹೊರಟಿತು, ತಾಗಿತು, ನಿಂತಿತು. ಪವಿತ್ರಾಳ ಹೆಬ್ಬೆರಳು ಸ್ವಿಚ್ಚಿನಿಂದ ತಾನಾಗಿ ಮೇಲೇಳುತ್ತಿತ್ತು. ಅವಳು ಹಲ್ಲು ಕಚ್ಚಿ ಒತ್ತುತ್ತಿದ್ದಳು, ಲೋಹಕ್ಕೆ ಲೋಹ ತಾಗಿದ ಸಪ್ಪಳ ಕೇಳುತ್ತಲೇ ಬೆರಳು ಎದ್ದುಬಿಡುತ್ತಿತ್ತು. ಗಂಗಜ್ಜಿಯ ಪಾಠ ಅಷ್ಟು ಚೆನ್ನಾಗಿ ಹತ್ತಿತ್ತು.

“ತಳ್ಳೇ!” ಎಂದು ಚಂದನಾ ಕೂಗಿಯೇಬಿಟ್ಟಳು. “ತಪ್ಪಲ್ಲ, ತಳ್ಳು ಮಾರಾಯ್ತಿ!”

ಇಪ್ಪತ್ತು ಸೆಕೆಂಡು. ಚಂದನಾಳ ಬೆರಳು ಏಡಿಯನ್ನು ಪಕ್ಕಕ್ಕೆ ಸರಿಸಲು ಹೊರಟಿತು. ಸರಿದರೆ ಗೂಡು ಖಾಲಿ, ಚೆಂಡು ತಾನಾಗಿ ಒಳಗೆ ಹೋಗುತ್ತದೆ. ಪವಿತ್ರಾ ಅದನ್ನು ಕಂಡಳು.

“ಸರೀಬೇಡ” ಎಂದಳು. “ಸರಿದ್ರೆ ಡಬ್ಬಿ ಇಲ್ಲೇ ಇಟ್ಟು ಹೋಗ್ತೆ. ಮತ್ತೊಂದ್ಸಲ ಮೋಸ ಮಾಡ್ಬೇಡ.”

ಚಂದನಾ ಸರಿಯಲಿಲ್ಲ. ನಿಯಮದ ಪ್ರಕಾರ, ಗೀಟಿನ ಈಚೆಗೆ, ಯಾವ ತಪ್ಪೂ ಇಲ್ಲದೆ ಅಡ್ಡ ನಿಂತಳು. ಕೋಣ ಇನ್ನೂ ನಾಲ್ಕು ಸಲ ಬಂತು, ನಾಲ್ಕು ಸಲವೂ ತಾಗಿ ನಿಂತಿತು. ಮಾಸ್ತರು ಸೀಟಿ ಊದಿದರು. ಮೂರು ಮೂರು. ಹುಬ್ಬಳ್ಳಿ ಭಟ್ಕಳದವರಿಗೇ ಹೋಯಿತು. ಈ ಸಲ ಯಾರೂ ಬೆಂಚು ಹತ್ತಿ ಕುಣಿಯಲಿಲ್ಲ. ಭಾಸ್ಕರ ಕೂಡ ಕೋಲಿನಿಂದ ವೈರು ಬಿಚ್ಚುತ್ತಾ ತಲೆ ಎತ್ತಲಿಲ್ಲ.

ಹೊರಗೆ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಚಂದನಾ ಓಡಿಹೋಗಿ ಪವಿತ್ರಾಳನ್ನು ಕೂಡಿಕೊಂಡಳು. ಕುಮಟೆಯ ಹುಡುಗರು ಮುಂದೆ ಹೋಗಿದ್ದರು. ವೆಂಕಟ ಮಾತ್ರ ಡಬ್ಬಿಯನ್ನು ಪವಿತ್ರಾಳ ಕೈಯಲ್ಲೇ ಬಿಟ್ಟು ಹೋಗಿದ್ದ, ಅಷ್ಟು ಮರ್ಯಾದೆ ಅವನಿಗಿತ್ತು.

“ನಿನ್ನ ಬೆರಳದ್ದು ಎಂತದೂ ತಪ್ಪಿರ್ಲಿಲ್ಲ ಪವಿತ್ರಾ. ಮನೆಗೆ ಬಂದಾಗಲೇ ಹೇಳ್ಬೇಕು ಅಂತಿದ್ದೆ. ಆಗ್ಲಿಲ್ಲ. ನನ್ನ ಬೈಯಿ, ಹೊಡಿ, ಎಂತಾದ್ರೂ ಮಾಡು.”

“ಬೈದ್ರೆ ಬೆರಳು ಸರಿ ಆಗ್ತದಾ?” ಎಂದಳು ಪವಿತ್ರಾ. ಕಣ್ಣು ತುಂಬಿದ್ದನ್ನು ಒರೆಸಿಕೊಳ್ಳಲಿಲ್ಲ. “ನಿನ್ಮೇಲೆ ಸಿಟ್ಟು ಬರ್ತದೆ. ಬರ್ದೇ ಎಂತ? ಮನೆಗೆ ಹೋದ್ಮೇಲೆ ಜೋರು ಬರ್ತದೆ. ಆದ್ರೆ ಒಂದು ಕೇಳ್ತೆ, ನಡೆಸಿ ಕೊಡು. ಅಜ್ಜಿಗೆ ಹೇಳ್ಬೇಡ.”

“ಹ್ಞಾಂ?”

“ಹತ್ತೊಂಬತ್ತು ದಿನ ಹಾಡಿದ್ದಾಳೆ. ಗಂಟ್ಲು ಹೋಗಿದೆ, ಈಗ ಮಾತಾಡಿದ್ರೂ ಕೇಳೂದಿಲ್ಲ. ಮೊಮ್ಮಗಳ ಬೆರಳು ರಿಪೇರಿ ಮಾಡ್ದೆ ಅಂತ ಕೇರಿಗೆಲ್ಲ ಸನ್ನೆಯಲ್ಲೇ ಹೇಳ್ಕಂಡು ಬಂದಿದ್ದಾಳೆ. ರಿಪೇರಿ ಅಲ್ಲ, ಹಾಳು ಮಾಡಿದ್ದು ಅಂತ ಅವ್ಳಿಗೆ ಗೊತ್ತಾಗೂದು ಬೇಡ.”

ಚಂದನಾ ಹೇಳುವುದಿಲ್ಲ ಎಂದು ತಲೆ ಆಡಿಸಿದಳು. ಆವತ್ತು ಮಾಸ್ತರ ಎದುರು ಆಡಿಸಿದ ಹಾಗೆಯೇ.

ಕುಮಟೆಯ ಬಸ್ಸು ಬಂತು. ಪವಿತ್ರಾ ಒಂದು ಕಾಲು ಮೆಟ್ಟಿಲ ಮೇಲಿಟ್ಟವಳು ಏನೋ ನೆನಪಾಗಿ ಚೀಲಕ್ಕೆ ಕೈ ಹಾಕಿದಳು. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟೊಂದನ್ನು ತೆಗೆದು ಚಂದನಾಳ ಕೈಗೆ ಇಟ್ಟಳು. “ಹರಿವೆ ಸೊಪ್ಪು. ಆ ದಿನ ಚೆಂದ ಮಾಡಿ ಉಂಡಿದ್ಯಲೇ, ಚುರುಕು ಬೆರಳಿನ ಹುಡ್ಗಿಗೆ ಕೊಡು ಅಂತ ಅಜ್ಜಿ ಕಟ್ಟಿ ಕಳ್ಸಿದ್ದು. ವಾಪಸ್ ತಕಂಡು ಹೋದ್ರೆ ಎಂತಕ್ಕೆ ಅಂತ ಕೇಳ್ತಾಳೆ.”

ಬಸ್ಸು ಹೊರಟಿತು. ಚಂದನಾ ಬೆಳಕೆಯವರೆಗೂ ಆ ಗಂಟನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು. ಮನೆಯಲ್ಲಿ ಅಮ್ಮ ಗಂಟು ಬಿಚ್ಚಿ, “ಎಷ್ಟು ಎಳೇ ಸೊಪ್ಪು! ಯಾರು ಕೊಟ್ಟದ್ದು?” ಎಂದು ಕೇಳಿದಳು. ಚಂದನಾ ಚಾಕು ತಂದು, ನೆಲಕ್ಕೆ ಕೂತು, ತಲೆ ತಗ್ಗಿಸಿ ಸೊಪ್ಪು ಹೆಚ್ಚತೊಡಗಿದಳು.